ಬೀಟಲ್ಸ್ ಬೆಳೆದ ಜಾಗ ನೋಡಬೇಕೆ? ಲಿವರ್‌ಪೂಲ್, ಹ್ಯಾಂಬರ್ಗ್, ಲಂಡನ್: ಯಾರಿಗೆ ಯಾವುದು

ಮಗ ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದಾನೆ, ಅವನನ್ನು ನೋಡಲು ಹೋಗುತ್ತಿದ್ದೇವೆ, ನಡುವೆ ಎರಡು ದಿನ ಬಿಡುವಿದೆ. ಆಫೀಸಿನವರು ಜರ್ಮನಿಗೆ ಕಳಿಸುತ್ತಿದ್ದಾರೆ, ಒಂದು ಶನಿವಾರ, ಭಾನುವಾರ ಸಿಗುತ್ತದೆ. ಲಂಡನ್ ಪ್ಯಾಕೇಜ್ ಟೂರ್‌ನಲ್ಲಿ ಒಂದು ಮಧ್ಯಾಹ್ನ ಖಾಲಿ ಇದೆ. ಹೀಗೆ ಶುರುವಾಗುವ ಮಾತು ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಬೀಟಲ್ಸ್ ಶುರುವಾದ ಜಾಗ ನೋಡಬೇಕು, ಎಲ್ಲಿಗೆ ಹೋದರೆ ಒಳ್ಳೆಯದು? ಬೀಟಲ್ಸ್ ಎಂದರೆ 1960ರ ದಶಕದಲ್ಲಿ ಜಗತ್ತಿಗೆಲ್ಲ ಹೆಸರಾದ ಇಂಗ್ಲೆಂಡಿನ ಬ್ಯಾಂಡ್: ಜಾನ್ ಲೆನ್ನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್.

ನಾನು ಲಿವರ್‌ಪೂಲ್‌ಗೆ ಎರಡು ಸಲ, ಹ್ಯಾಂಬರ್ಗ್‌ಗೆ ಒಂದು ಸಲ ಹೋಗಿದ್ದೇನೆ. ಮೊದಲನೇ ಸಲ ಲಿವರ್‌ಪೂಲ್‌ನಲ್ಲಿ ಏನೂ ಬುಕ್ ಮಾಡದೆ ಸುಮ್ನೆ ಹೊರಟಿದ್ದೆ. ಜಾನ್ ಲೆನ್ನನ್ ಬೆಳೆದ ಮನೆಯ ಗೇಟಿನ ಮುಂದೆ ಮಳೆಯಲ್ಲಿ ನಿಂತು, ಒಳಗೆ ಹೋಗಿ ಬರುವವರ ಮುಖ ನೋಡಿಕೊಂಡು ವಾಪಸ್ ಬಂದೆ. ಆ ಬೇಸರ ನಿಮಗೆ ಆಗಬಾರದು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಊರುಗಳನ್ನು ತೂಗುವ ಮೊದಲು

ಎಲ್ಲಿಗೆ ಎಂದು ತೀರ್ಮಾನಿಸುವ ಮುಂಚೆ ಕೆಲವು ವಿಷಯ ನಿಮ್ಮಲ್ಲೇ ಕೇಳಿಕೊಳ್ಳಿ. ನನ್ನ ಲೆಕ್ಕದಲ್ಲಿ ಮೊದಲನೆಯದು, ಅಸಲಿ ಎಷ್ಟು ಉಳಿದಿದೆ ಎನ್ನುವುದು. ಬೀಟಲ್ಸ್ ಹೆಸರಿನ ಜಾಗಗಳಲ್ಲಿ ಮೂರು ಬಗೆ ಇವೆ. ಆಗ ಹೇಗಿತ್ತೋ ಹಾಗೇ ಇರುವುದು, ಕೆಡವಿ ಮತ್ತೆ ಕಟ್ಟಿದ್ದು, ಪೂರ್ತಿ ಹೋಗಿ ಬರೀ ಕಲ್ಲೋ ಫಲಕವೋ ಉಳಿದಿರುವುದು. ಕೆಲವರಿಗೆ ಆ ವ್ಯತ್ಯಾಸ ಮುಖ್ಯವೇ ಅಲ್ಲ. ಅದೇ ಬೀದಿಯಲ್ಲಿ ಹಾಡು ಕೇಳಿದರೆ ಸಾಕು. ಇನ್ನು ಕೆಲವರಿಗೆ ಅವರು ಮುಟ್ಟಿದ ಗೋಡೆಯೇ ಬೇಕು. ನೀವು ಯಾವ ಕಡೆಯವರು ಎಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಎರಡನೆಯದು, ಒಳಗೆ ಹೋಗಬಹುದಾ ಅಥವಾ ರಸ್ತೆಯಿಂದ ನೋಡಿ ಬರಬೇಕಾ. ಮೂರನೆಯದು, ಜೊತೆಗೆ ಯಾರಿದ್ದಾರೆ. ಅಪ್ಪ, ಅಮ್ಮ, ಚಿಕ್ಕ ಮಕ್ಕಳು, ಬೀಟಲ್ಸ್ ಎಂದರೆ ಯಾರೆಂದೇ ಗೊತ್ತಿಲ್ಲದ ಸಂಗಾತಿ, ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಯದು ದುಡ್ಡು ಮತ್ತು ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದು ದೊಡ್ಡ ವಿಷಯ. ಲಿವರ್‌ಪೂಲ್ ಮತ್ತು ಲಂಡನ್ ಎರಡಕ್ಕೂ ಬ್ರಿಟನ್ನಿನ ಒಂದೇ ವೀಸಾ ಸಾಕು. ಹ್ಯಾಂಬರ್ಗ್‌ಗೆ ಷೆಂಗೆನ್ ವೀಸಾ, ಅಂದರೆ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ ಬೇಕು. ಇಂಗ್ಲೆಂಡಿನಲ್ಲಿ ಓದುತ್ತಿರುವ ನಮ್ಮ ಹುಡುಗರಿಗೂ ಇದೇ ನಿಯಮ. ಸ್ಟೂಡೆಂಟ್ ವೀಸಾ ಇದೆ ಎಂದು ಜರ್ಮನಿಗೆ ಹಾಗೇ ಹೋಗಲು ಬರುವುದಿಲ್ಲ. ಷೆಂಗೆನ್ ಅರ್ಜಿಯ ಶುಲ್ಕವೇ ದೊಡ್ಡವರಿಗೆ 90 ಯೂರೋ. ಅದರ ಮೇಲೆ ಅಪಾಯಿಂಟ್‌ಮೆಂಟ್ ಸಿಗಲು ಕಾಯಬೇಕು. ಹಾಗಾಗಿ ಎರಡು ಊರನ್ನೂ ಒಂದೇ ಪ್ರವಾಸದಲ್ಲಿ ಸೇರಿಸುವುದು ನಕಾಶೆಯಲ್ಲಿ ಕಾಣುವಷ್ಟು ಸುಲಭ ಅಲ್ಲ.

ಲಿವರ್‌ಪೂಲ್: ತವರು

ನಾಲ್ಕೂ ಜನ ಹುಟ್ಟಿದ್ದು ಇಲ್ಲೇ. ಹೆಚ್ಚು ಜಾಗ ಉಳಿದಿರುವುದೂ ಇಲ್ಲೇ. ಲಂಡನ್ನಿನ ಯೂಸ್ಟನ್ ಸ್ಟೇಷನ್‌ನಿಂದ ರೈಲಿನಲ್ಲಿ ಎರಡೂಕಾಲು ಗಂಟೆ. ಮ್ಯಾಂಚೆಸ್ಟರ್‌ನಿಂದ ಒಂದು ಗಂಟೆಯೂ ಬೇಡ. ಲಂಡನ್ನಿನಿಂದ ಬರುವವರು ರೈಲಿನ ಟಿಕೆಟ್ ವಾರಗಳ ಮುಂಚೆ ತೆಗೆದುಕೊಳ್ಳಿ, ಹೊರಡುವ ದಿನ ತೆಗೆದುಕೊಂಡರೆ ಬೆಲೆ ತುಂಬ ಜಾಸ್ತಿ. ಕೈ ಬಿಗಿಯಿದ್ದರೆ ಬಸ್ಸು ಇದೆ, ಆದರೆ ಐದು ಗಂಟೆಗೂ ಮೇಲೆ ಕೂತಿರಬೇಕು.

ಈ ಊರಿನಲ್ಲಿ ಎಲ್ಲಕ್ಕಿಂತ ಮೊದಲ ಸ್ಥಾನ ನಾನು ಕೊಡುವುದು ಎರಡು ಮನೆಗಳಿಗೆ. ಒಂದು ಮೆನ್‌ಲವ್ ಅವೆನ್ಯೂದಲ್ಲಿರುವ ‘ಮೆಂಡಿಪ್ಸ್’. ಜಾನ್ ತನ್ನ ದೊಡ್ಡಮ್ಮ ಮಿಮಿಯ ಆಸರೆಯಲ್ಲಿ ಬೆಳೆದ ಮನೆ. ಇನ್ನೊಂದು 20, ಫೋರ್ತ್‌ಲಿನ್ ರೋಡ್. ಪಾಲ್ ಮೆಕಾರ್ಟ್ನಿ 1955ರಿಂದ ಇದ್ದ ಪುಟ್ಟ ಸರ್ಕಾರಿ ಬಾಡಿಗೆ ಮನೆ. ಎರಡೂ ಈಗ ಹಳೆಯ ಮನೆ, ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕೈಯಲ್ಲಿವೆ. ಮೆಂಡಿಪ್ಸನ್ನು ಜಾನ್‌ನ ಹೆಂಡತಿ ಯೋಕೋ ಓನೋ 2002ರಲ್ಲಿ ಕೊಂಡು ಟ್ರಸ್ಟಿಗೆ ಕೊಟ್ಟರು.

ಮೆಂಡಿಪ್ಸ್ ನೋಡಿದರೆ ಸ್ವಲ್ಪ ಅನುಕೂಲಸ್ಥರ ಮನೆ. ಮುಂದೆ ತೋಟ, ಬಣ್ಣದ ಗಾಜಿನ ಕಿಟಕಿ. ಗಿಟಾರಿನ ಸದ್ದು ಮಿಮಿಗೆ ಹಿಡಿಸುತ್ತಿರಲಿಲ್ಲ, ಹುಡುಗರನ್ನು ಬಾಗಿಲ ಮುಂದಿನ ಗಾಜಿನ ಗೂಡಿಗೆ ಕಳಿಸುತ್ತಿದ್ದರು. ಇಬ್ಬರು ನಿಂತರೆ ತುಂಬುವ ಜಾಗ ಅದು. ಅಲ್ಲಿ ಗಿಟಾರ್ ಹಿಡಿದು ನಿಂತರೆ ದನಿ ಚೆನ್ನಾಗಿ ಗುಂಯ್‌ಗುಡುತ್ತದೆ. ಈ ಮನೆಯ ಮುಂದಿನ ರಸ್ತೆಯಲ್ಲೇ 1958ರ ಜುಲೈ 15ರಂದು ಜಾನ್‌ನ ಅಮ್ಮ ಜೂಲಿಯಾ ಕಾರು ಬಡಿದು ತೀರಿಕೊಂಡರು. ಅಕ್ಕನನ್ನು ನೋಡಿ ಹೊರಗೆ ಬಂದಿದ್ದರು ಅಷ್ಟೇ. ಜಾನ್‌ಗೆ ಆಗ 17. ಪಾಲ್ ಕೂಡ ಅದಕ್ಕೆ ಎರಡು ವರ್ಷ ಮೊದಲು ತಾಯಿಯನ್ನು ಕಳೆದುಕೊಂಡಿದ್ದ. ಪುಸ್ತಕದಲ್ಲಿ ಇದನ್ನು ಎಷ್ಟೋ ಸಲ ಓದಿದ್ದೆ. ಆ ರಸ್ತೆಯ ಪಕ್ಕ ನಿಂತಾಗ ಮಾತ್ರ, ಆ ಇಬ್ಬರು ಹುಡುಗರನ್ನು ಹತ್ತಿರ ತಂದದ್ದು ಬರೀ ಹಾಡಲ್ಲ ಅನ್ನಿಸಿತು.

ಫೋರ್ತ್‌ಲಿನ್ ರೋಡ್ ಇನ್ನೂ ಸಣ್ಣದು. ಅಪ್ಪ ಕೆಲಸಕ್ಕೆ ಹೋದಾಗ ಕ್ಲಾಸಿಗೆ ಚಕ್ಕರ್ ಹೊಡೆದು ಬಂದ ಹುಡುಗರು, ಮುಂದಿನ ಕೋಣೆಯಲ್ಲಿ ಎದುರುಬದುರು ಕೂತು ಹಾಡು ಕಟ್ಟಿದ್ದು ಇಲ್ಲೇ. ಗೋಡೆಯ ಮೇಲೆ ಪಾಲ್‌ನ ತಮ್ಮ ಮೈಕ್ ತೆಗೆದ ಫೋಟೋಗಳಿವೆ. ಆ ಫೋಟೋದಲ್ಲಿ ಕಾಣುವ ಕೋಣೆಯಲ್ಲೇ ನೀವು ನಿಂತಿರುತ್ತೀರಿ. ಇಷ್ಟು ಸಾಧಾರಣ ಮನೆಯಿಂದ ಅಷ್ಟು ಹಾಡು ಬಂದವಾ ಎಂದು ನೋಡಿದವರೆಲ್ಲ ಕೇಳಿಕೊಳ್ಳುತ್ತಾರೆ.

ತೊಂದರೆ ಏನೆಂದರೆ, ಇಲ್ಲಿಗೆ ನೇರವಾಗಿ ಹೋಗಿ ಬಾಗಿಲು ತಟ್ಟಲು ಆಗುವುದಿಲ್ಲ. ಟ್ರಸ್ಟಿನ ಮಿನಿಬಸ್ ಪ್ರವಾಸವನ್ನು ಮುಂಗಡ ಬುಕ್ ಮಾಡಬೇಕು. ಒಂದು ಸಲಕ್ಕೆ ಸಣ್ಣ ಗುಂಪು ಮಾತ್ರ, ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಚಳಿಗಾಲದಲ್ಲಿ ಕೆಲವು ತಿಂಗಳು ಮುಚ್ಚಿರುತ್ತದೆ. ತೆರೆದಿರುವ ತಿಂಗಳಲ್ಲೂ ವಾರದ ಎಲ್ಲ ದಿನ ಇರುವುದಿಲ್ಲ. ಒಳಗೆ ಫೋಟೋ ತೆಗೆಯುವಂತಿಲ್ಲ. ಫೋಟೋ ಇಲ್ಲದಿದ್ದರೆ ಹೋಗಿದ್ದೇ ದಂಡ ಅನ್ನುವವರಿಗೆ ಇದು ಹೊಂದುವುದಿಲ್ಲ. ನನಗಂತೂ ಫೋನು ಜೇಬಿನಲ್ಲಿದ್ದ ಆ ಹೊತ್ತೇ ಇಡೀ ಪ್ರವಾಸದಲ್ಲಿ ಚೆನ್ನಾಗಿ ನೆನಪಿರುವುದು.

ಇನ್ನು ಕ್ಯಾವರ್ನ್ ಕ್ಲಬ್. ಎಲ್ಲರೂ ಕೇಳುವುದು ಇದನ್ನೇ. ಮ್ಯಾಥ್ಯೂ ಸ್ಟ್ರೀಟ್‌ನ ಈ ನೆಲಮಾಳಿಗೆಯಲ್ಲಿ ಬೀಟಲ್ಸ್ 1961ರ ಫೆಬ್ರವರಿಯಿಂದ 1963ರ ಆಗಸ್ಟ್ 3ರವರೆಗೆ 292 ಸಲ ಹಾಡಿದರು ಎಂಬ ಲೆಕ್ಕವಿದೆ. ಮ್ಯಾನೇಜರ್ ಆಗಲಿದ್ದ ಬ್ರಯನ್ ಎಪ್‌ಸ್ಟೀನ್ ಅವರನ್ನು ಮೊದಲು ನೋಡಿದ್ದು ಇಲ್ಲೇ, 1961ರ ನವೆಂಬರ್ 9ರಂದು, ಊಟದ ಬಿಡುವಿನ ಹೊತ್ತಿನಲ್ಲಿ. ಆದರೆ ನೀವು ಈಗ ಇಳಿಯುವುದು ಆ ಅಸಲಿ ಮಾಳಿಗೆಗೆ ಅಲ್ಲ. ನೆಲದಡಿಯ ರೈಲಿಗೆ ಗಾಳಿ ಕೊಳವೆ ಮಾಡಬೇಕೆಂದು 1973ರಲ್ಲಿ ಹಳೆಯ ಕ್ಲಬ್ ಮುಚ್ಚಿಸಿದರು, ಮೇಲಿನ ಕಟ್ಟಡ ಕೆಡವಿ ಮಾಳಿಗೆಯನ್ನು ಮುಚ್ಚಿಬಿಟ್ಟರು. ಆ ಕೊಳವೆಯನ್ನು ಕೊನೆಗೂ ಕಟ್ಟಲಿಲ್ಲ. ಈ ಸಂಗತಿ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1984ರಲ್ಲಿ ಹಳೆಯ ಇಟ್ಟಿಗೆ 15,000ದಷ್ಟು ಬಳಸಿ, ಬಹುಪಾಲು ಅದೇ ಜಾಗದಲ್ಲಿ, ಅದೇ ಕಮಾನುಗಳ ರೂಪದಲ್ಲಿ ಮತ್ತೆ ಕಟ್ಟಿದರು.

ಹಾಗಾದರೆ ಹೋಗಬಾರದಾ? ಖಂಡಿತ ಹೋಗಿ. ಇಲ್ಲಿ ದಿನವೂ ಹಗಲಿನಿಂದಲೇ ಯಾರಾದರೂ ಹಾಡುತ್ತಿರುತ್ತಾರೆ. ಹಗಲಲ್ಲಿ ಟಿಕೆಟ್ ಅಗ್ಗ, ಜನ ಕಡಿಮೆ. ರಾತ್ರಿ ಗದ್ದಲ ಜಾಸ್ತಿ, ಕುಡಿದವರೂ ಜಾಸ್ತಿ. ಮಕ್ಕಳಿಗೆ ಸಂಜೆಯ ನಂತರ ಪ್ರವೇಶ ಇರುವುದಿಲ್ಲ, ಸಮಯ ಮೊದಲೇ ನೋಡಿಕೊಳ್ಳಿ. ಒಳಗೆ ಇಳಿಯಲು ಮೆಟ್ಟಿಲು ತುಂಬ ಇವೆ, ಮಂಡಿನೋವಿನ ಹಿರಿಯರಿಗೆ ಕಷ್ಟ. ಹೊರಟರೆ ವಾರದ ದಿನ, ಮಧ್ಯಾಹ್ನ ಹೋಗಿ ಎನ್ನುವುದು ನನ್ನ ಸಲಹೆ. ಬೀಟಲ್ಸ್ ಕೂಡ ಇಲ್ಲಿ ಎಷ್ಟೋ ಸಲ ಮಧ್ಯಾಹ್ನವೇ ಹಾಡಿದ್ದು. ಪಕ್ಕದ ಆಫೀಸು, ಅಂಗಡಿಗಳ ಹುಡುಗ, ಹುಡುಗಿಯರು ಊಟ ಬಿಟ್ಟು ಬಂದು ಕೇಳುತ್ತಿದ್ದ ಹೊತ್ತು ಅದು.

ಅವರು ಮುಟ್ಟಿದ ಗೋಡೆಯೇ ಬೇಕು ಅನ್ನುವವರಿಗೆ ಕ್ಯಾವರ್ನ್‌ಗಿಂತ ಒಂದು ಒಳ್ಳೆಯ ಜಾಗ ಇದೆ. ವೆಸ್ಟ್ ಡರ್ಬಿ ಎಂಬ ಬಡಾವಣೆಯ ‘ಕಾಸ್ಬಾ ಕಾಫಿ ಕ್ಲಬ್’. ಬಹಳ ಪ್ರವಾಸಿಗಳು ಇಲ್ಲಿಗೆ ಬರುವುದೇ ಇಲ್ಲ. ಇದರ ಕಥೆಯಲ್ಲಿ ನಮ್ಮ ದೇಶದ ಎಳೆಯೂ ಇದೆ. ಇದನ್ನು ಶುರು ಮಾಡಿದ ಮೋನಾ ಬೆಸ್ಟ್ ಹುಟ್ಟಿದ್ದು ದೆಹಲಿಯಲ್ಲಿ. ಅವರ ಮಗ, ರಿಂಗೋಗಿಂತ ಮುಂಚೆ ಬೀಟಲ್ಸ್‌ಗೆ ಡ್ರಮ್ ಬಾರಿಸಿದ ಪೀಟ್ ಬೆಸ್ಟ್, ಹುಟ್ಟಿದ್ದು 1941ರಲ್ಲಿ ಮದ್ರಾಸಿನಲ್ಲಿ. ಯುದ್ಧ ಮುಗಿದ ವರ್ಷ ಕುಟುಂಬ ಮುಂಬಯಿಯಿಂದ ಹಡಗು ಹತ್ತಿ ಲಿವರ್‌ಪೂಲ್‌ಗೆ ಹೋಯಿತು. ಮೋನಾ ಒಡವೆ ಅಡವಿಟ್ಟು ಕುದುರೆ ರೇಸಿನಲ್ಲಿ ಗೆದ್ದ ಹಣದಿಂದ ಈ ದೊಡ್ಡ ಮನೆ ಕೊಂಡರಂತೆ. ಅದರ ನೆಲಮಾಳಿಗೆಯಲ್ಲಿ 1959ರ ಆಗಸ್ಟ್ 29ರಂದು ಹುಡುಗ, ಹುಡುಗಿಯರಿಗಾಗಿ ಕಾಫಿ ಕ್ಲಬ್ ತೆರೆದರು. ಮೊದಲ ರಾತ್ರಿ ಹಾಡಿದ್ದು ಜಾನ್, ಪಾಲ್, ಜಾರ್ಜ್ ಇದ್ದ ‘ಕ್ವಾರಿಮೆನ್’, ಬೀಟಲ್ಸ್ ಆಗುವ ಮುಂಚಿನ ಅವರ ಬ್ಯಾಂಡ್. ಗೋಡೆ, ಚಾವಣಿಗೆ ಬಣ್ಣ ಬಳಿಯಲೂ ಅವರೇ ಕೈ ಹಾಕಿದ್ದರು. ಆ ಬಣ್ಣ ಇನ್ನೂ ಇದೆ. ಪಾಲ್ ಬಳಿದ ಕಾಮನಬಿಲ್ಲಿನ ಪಟ್ಟೆಗಳ ಚಾವಣಿ ತಲೆಗೆ ತಾಗುವಷ್ಟು ಹತ್ತಿರ. ಕೋಣೆಗಳು ಎಷ್ಟು ಇಕ್ಕಟ್ಟು ಎಂದರೆ, ಅಲ್ಲಿ ನೂರಾರು ಮಕ್ಕಳು ಹೇಗೆ ಕುಣಿದರೋ ಎಂದು ಆಶ್ಚರ್ಯವಾಗುತ್ತದೆ. ಇಲ್ಲಿಗೂ ಮುಂಗಡ ಬುಕ್ ಮಾಡಿಕೊಂಡೇ ಹೋಗಬೇಕು. ಊರ ನಡುವಿನಿಂದ ದೂರ, ಹೋಗಿ ಬರಲು ಅರ್ಧ ದಿನ ಬೇಕು. ಒಂದೇ ದಿನ ಇರುವವರು ಇದನ್ನು ಬಿಡಬೇಕಾಗುತ್ತದೆ. ಎರಡು ದಿನ ಇದ್ದರೆ ಬಿಡಬೇಡಿ.

ದುಡ್ಡಿಲ್ಲದೆ ನೋಡಬಹುದಾದ ದೊಡ್ಡ ಜಾಗ ವುಲ್ಟನ್‌ನ ಸೇಂಟ್ ಪೀಟರ್ಸ್ ಚರ್ಚು. 1957ರ ಜುಲೈ 6, ಶನಿವಾರ. ಚರ್ಚಿನ ಜಾತ್ರೆಯಲ್ಲಿ 16ರ ಜಾನ್ ಹಾಡುತ್ತಿದ್ದ. ಸಂಜೆ ಎದುರಿನ ಹಾಲ್‌ನಲ್ಲಿ 15ರ ಪಾಲ್‌ನನ್ನು ಗೆಳೆಯನೊಬ್ಬ ಪರಿಚಯ ಮಾಡಿಸಿದ. ಅಷ್ಟೇ ನಡೆದದ್ದು. ಚರ್ಚಿನ ಅಂಗಳದ ಸಮಾಧಿಗಳ ನಡುವೆ ಎಲೀನರ್ ರಿಗ್ಬಿ ಎಂಬ ಹೆಸರಿನ ಕಲ್ಲೂ ಇದೆ, ಅದೇ ಹೆಸರಿನ ಬೀಟಲ್ಸ್ ಹಾಡೊಂದಿದೆ. ಸದ್ದಿಲ್ಲದ, ಹಸಿರಾದ ಜಾಗ. ಅಲ್ಲಿಂದ ಮೆಂಡಿಪ್ಸ್ ಕಡೆಗೆ ನಡೆದು ಬಂದರೆ ದಾರಿಯಲ್ಲೇ ಅವರ ಹಾಡಿನಿಂದ ಹೆಸರಾದ ಸ್ಟ್ರಾಬೆರಿ ಫೀಲ್ಡ್ ಸಿಗುತ್ತದೆ. ಜಾನ್ ಆಡಲು ಹೋಗುತ್ತಿದ್ದ, ಸಾಲ್ವೇಷನ್ ಆರ್ಮಿ ನಡೆಸುತ್ತಿದ್ದ ಮಕ್ಕಳ ಮನೆಯ ತೋಟ. 2019ರಲ್ಲಿ ಅದನ್ನು ಎಲ್ಲರಿಗೂ ತೆರೆದರು. ಒಳಗಿನ ಪ್ರದರ್ಶನಕ್ಕೆ ಟಿಕೆಟ್ ಇದೆ. ಕೆಂಪು ಗೇಟಿನ ಮುಂದೆ ನಿಂತು ಫೋಟೋ ತೆಗೆದುಕೊಳ್ಳಲು ಏನೂ ಕೊಡಬೇಕಿಲ್ಲ.

ಅದೇ ಹೆಸರಿನ ಬೀಟಲ್ಸ್ ಹಾಡಿನಲ್ಲಿ ಬರುವ ಪೆನ್ನಿ ಲೇನ್ ಬಗ್ಗೆ ಒಂದು ಮಾತು. ಅದು ಒಂದು ಸಾದಾ ರಸ್ತೆ. ಹುಡುಗರು ಬಸ್ ಬದಲಿಸುತ್ತಿದ್ದ ಜಾಗ. ಹಾಡು ಚೆನ್ನಾಗಿ ಗೊತ್ತಿದ್ದರೆ ಅಲ್ಲಿ ನಿಂತು ಸಾಲು ಸಾಲಾಗಿ ಗುರುತಿಸಬಹುದು. ಗೊತ್ತಿಲ್ಲದಿದ್ದರೆ ಬೋರ್ಡಿನ ಮುಂದೆ ಫೋಟೋ, ಐದು ನಿಮಿಷ, ಮುಗೀತು. ಜಾರ್ಜ್ ಮತ್ತು ರಿಂಗೋ ಹುಟ್ಟಿದ ಮನೆಗಳು ವೇವರ್‌ಟ್ರೀ ಮತ್ತು ಡಿಂಗಲ್‌ನಲ್ಲಿವೆ. ಅಕ್ಕಪಕ್ಕದಲ್ಲಿ ಜನ ಸಂಸಾರ ಮಾಡುತ್ತಿರುವ ಸಣ್ಣ ಬೀದಿಗಳು. ರಸ್ತೆಯಿಂದ ನೋಡಿ, ಸದ್ದು ಮಾಡದೆ ಬನ್ನಿ.

ಇವನ್ನೆಲ್ಲ ಸುತ್ತುವ ಬಗೆ ಮೂರು. ಬಣ್ಣದ ‘ಮ್ಯಾಜಿಕಲ್ ಮಿಸ್ಟರಿ ಟೂರ್’ ಬಸ್ಸು ಆಲ್ಬರ್ಟ್ ಡಾಕ್‌ನಿಂದ ಹೊರಟು ಸುಮಾರು ಎರಡು ಗಂಟೆಯಲ್ಲಿ ಮುಖ್ಯ ಜಾಗಗಳನ್ನು ತೋರಿಸುತ್ತದೆ. ದಾರಿಯುದ್ದಕ್ಕೂ ಹಾಡು, ಕಥೆ. ಅಪ್ಪ, ಅಮ್ಮ, ಮಕ್ಕಳ ಜೊತೆ ಹೋದವರಿಗೆ ಇದೇ ಸಲೀಸು. ಆದರೆ ಮನೆಗಳ ಒಳಗೆ ಬಿಡುವುದಿಲ್ಲ, ಎಲ್ಲೂ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಬೀಟಲ್ಸ್ ಟ್ಯಾಕ್ಸಿ ಪ್ರವಾಸಗಳಲ್ಲಿ ದುಡ್ಡು ತಲೆಗಲ್ಲ, ಗಾಡಿಗೆ. ಒಬ್ಬರೇ ಆದರೆ ಕೈ ಕಚ್ಚುತ್ತದೆ, ನಾಲ್ಕು ಜನ ಹಂಚಿಕೊಂಡರೆ ಬಸ್ಸಿಗಿಂತ ಬಹಳ ಹೆಚ್ಚೇನೂ ಅನ್ನಿಸದು. ಬೇಕಾದ ಕಡೆ ನಿಲ್ಲಿಸಬಹುದು. ಮೂರನೆಯದು, ಸಿಟಿ ಬಸ್ಸಿನ ದಿನದ ಪಾಸು ತೆಗೆದುಕೊಂಡು ನೀವೇ ಸುತ್ತುವುದು. ಎಲ್ಲಕ್ಕಿಂತ ಅಗ್ಗ. ಆ ಹುಡುಗರೂ ಬಸ್ಸಿನಲ್ಲೇ ಓಡಾಡಿದ್ದು ಅಲ್ವಾ? ಮಹಡಿ ಬಸ್ಸಿನ ಮೇಲೆ ಕೂತು ಆ ಬಡಾವಣೆಗಳನ್ನು ನೋಡಿದರೆ ಊರು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಪೂರ್ತಿ ದಿನ ಇದ್ದು, ನಡೆಯಲು ಶಕ್ತಿ ಇರುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಸಂಜೆಗೆ ಸ್ಲೇಟರ್ ಸ್ಟ್ರೀಟ್‌ನ ‘ಜಕರಾಂಡ’ ಇದೆ. 1958ರಲ್ಲಿ ಅಲನ್ ವಿಲಿಯಮ್ಸ್ ತೆರೆದ ಕಾಫಿ ಬಾರು. ಅದರ ನೆಲಮಾಳಿಗೆಯಲ್ಲಿ ಹುಡುಗರು ಅಭ್ಯಾಸ ಮಾಡುತ್ತಿದ್ದರು. ಈಗಲೂ ಕೆಳಗೆ ಹಾಡು ನಡೆಯುತ್ತದೆ. ಪಕ್ಕದ ಬೋಲ್ಡ್ ಸ್ಟ್ರೀಟ್‌ನಲ್ಲಿ ಸಸ್ಯಾಹಾರಿಗಳಿಗೂ ಊಟಕ್ಕೆ ತೊಂದರೆಯಿಲ್ಲ. ಆಗಸ್ಟ್ ಕೊನೆಗೆ ಬೀಟಲ್‌ವೀಕ್ ನಡೆಯುತ್ತದೆ. ಜಗತ್ತಿನ ಎಲ್ಲ ಕಡೆಯಿಂದ ಬ್ಯಾಂಡುಗಳು ಬರುತ್ತವೆ. ಸಂಭ್ರಮ ಬೇಕೆಂದರೆ ಆಗ ಹೋಗಿ, ಶಾಂತವಾಗಿ ನೋಡಬೇಕೆಂದರೆ ಆ ವಾರ ತಪ್ಪಿಸಿ. ಫುಟ್‌ಬಾಲ್ ಪಂದ್ಯದ ದಿನಗಳಲ್ಲೂ ರೂಮಿನ ಬಾಡಿಗೆ ಏರುತ್ತದೆ.

ಹ್ಯಾಂಬರ್ಗ್: ಗರಡಿಮನೆ

ತಾನು ಹುಟ್ಟಿದ್ದು ಲಿವರ್‌ಪೂಲ್‌ನಲ್ಲಿ ಇರಬಹುದು, ಬೆಳೆದದ್ದು ಹ್ಯಾಂಬರ್ಗ್‌ನಲ್ಲಿ ಎಂದು ಜಾನ್ ಹೇಳಿದ್ದುಂಟು. ಅದು ನಿಜ. 1960ರ ಆಗಸ್ಟ್‌ನಲ್ಲಿ ಐದು ಹುಡುಗರು ಒಂದು ವ್ಯಾನಿನಲ್ಲಿ ಇಲ್ಲಿಗೆ ಬಂದರು. ಜಾನ್, ಪಾಲ್, ಜಾರ್ಜ್, ಸ್ಟುವರ್ಟ್ ಸಟ್‌ಕ್ಲಿಫ್, ಪೀಟ್ ಬೆಸ್ಟ್. ಆಗ ಅವರು ಹೇಳಿಕೊಳ್ಳುವಂಥ ಬ್ಯಾಂಡ್ ಆಗಿರಲಿಲ್ಲ. ವಾರದ ದಿನ ರಾತ್ರಿ ನಾಲ್ಕೂವರೆ ಗಂಟೆ, ಶನಿವಾರ, ಭಾನುವಾರ ಆರು ಗಂಟೆ ಹಾಡಬೇಕಿತ್ತು. ತಲೆಗೆ ದಿನಕ್ಕೆ 30 ಮಾರ್ಕ್. ಗೊತ್ತಿದ್ದ ಹಾಡೆಲ್ಲ ಮುಗಿದು ಹೋದರೆ ಒಂದೇ ಹಾಡನ್ನು ಇಪ್ಪತ್ತು ನಿಮಿಷ ಎಳೆಯಬೇಕು. ಕುಡಿದ ನಾವಿಕರು ಎದ್ದು ಹೋಗದ ಹಾಗೆ ಹಿಡಿದಿಡಬೇಕು. ಕ್ಲಬ್ಬಿನ ಯಜಮಾನ ಬ್ರೂನೋ ಕೋಶ್‌ಮಿಡರ್ ಕೆಳಗಿನಿಂದ ‘ಮಾಖ್ ಶೌ’ ಎಂದು ಕೂಗುತ್ತಿದ್ದ. ಅಂದರೆ, ಸುಮ್ನೆ ನಿಂತು ಹಾಡಬೇಡಿ, ಕುಣಿದು ತೋರಿಸಿ ಎಂದು. 1962ರ ಕೊನೆಯ ಹೊತ್ತಿಗೆ ಐದು ಸಲ ಈ ಊರಿಗೆ ಬಂದು ಹೋಗಿ ಅವರು ಪಳಗಿದ್ದರು.

ಇಲ್ಲಿನ ದೊಡ್ಡ ಅನುಕೂಲ ಎಂದರೆ ಎಲ್ಲ ಜಾಗವೂ ಒತ್ತೊತ್ತಾಗಿವೆ. ಊರಿನ ಮುಖ್ಯ ಸ್ಟೇಷನ್‌ನಿಂದ ಎಸ್-ಬಾನ್ ರೈಲು ಹತ್ತಿ ರೀಪರ್‌ಬಾನ್‌ನಲ್ಲಿ ಇಳಿದರೆ ಸಾಕು. ಎರಡು, ಮೂರು ಗಂಟೆಯಲ್ಲಿ ಕಾಲ್ನಡಿಗೆಯಲ್ಲೇ ಮುಗಿಯುತ್ತದೆ. ಹೊರಗಿನಿಂದ ನೋಡಲು ಟಿಕೆಟ್ ಇಲ್ಲ. ಸ್ಟೇಷನ್ ಪಕ್ಕದಲ್ಲೇ ಬೀಟಲ್ಸ್ ಪ್ಲಾಟ್ಸ್ ಎಂಬ ವೃತ್ತ ಇದೆ. ಹಾಡಿನ ತಟ್ಟೆಯ ಹಾಗೆ ಕಪ್ಪಗೆ ಗುಂಡಗೆ ಹಾಸಿದ ನೆಲ, ಅದರ ಮೇಲೆ ಉಕ್ಕಿನ ಆಕೃತಿಗಳು. ಅಲ್ಲಿಂದಲೇ ಗ್ರೋಸ ಫ್ರೈಹೈಟ್ ಬೀದಿ ಶುರು. 36ನೇ ನಂಬರಿನ ಕೆಳಗೆ ಕೈಸರ್‌ಕೆಲರ್, 64ರಲ್ಲಿ ಅವರು ಮೊದಲು ಹಾಡಿದ ಇಂದ್ರಾ. ಎರಡರಲ್ಲೂ ಈಗಲೂ ರಾತ್ರಿ ಸಂಗೀತ ನಡೆಯುತ್ತದೆ. ನನಗೆ ಇಂದ್ರಾ ತುಂಬ ಹಿಡಿಸಿತು. ಸಣ್ಣ ಜಾಗ, ಸಣ್ಣ ವೇದಿಕೆ. ಅಷ್ಟು ಹತ್ತಿರ ನಿಂತ ಜನರ ಮುಂದೆ ದಿನಕ್ಕೆ ನಾಲ್ಕೂವರೆ ಗಂಟೆ ಹಾಡುವುದು ಎಂದರೆ ಏನು ಎಂದು ಅಲ್ಲಿ ನಿಂತರೇ ತಿಳಿಯುವುದು.

ಹಿಂದಿನ ಪಾಲ್ ರೂಸನ್ ಸ್ಟ್ರಾಸದಲ್ಲಿ ಬಾಂಬಿ ಕೀನೋ ಎಂಬ ಸಿನಿಮಾ ಮಂದಿರ ಇತ್ತು. ಪರದೆಯ ಹಿಂದೆ, ಕಕ್ಕಸಿನ ಪಕ್ಕ, ಕಿಟಕಿಯಿಲ್ಲದ ಗೂಡುಗಳಲ್ಲಿ ಹುಡುಗರು ಮಲಗುತ್ತಿದ್ದರು. ಸಿನಿಮಾ ಹೋಗಿದೆ, ಕಟ್ಟಡವನ್ನು ಹೊರಗಿನಿಂದ ನೋಡಬಹುದು. ಆ ವರ್ಷ ನವೆಂಬರ್‌ನಲ್ಲಿ ಜಾರ್ಜ್‌ಗೆ ಇನ್ನೂ 17 ಎಂದು ಗೊತ್ತಾಗಿ ಪೊಲೀಸರು ಅವನನ್ನು ಊರಿಗೆ ಕಳಿಸಿದರು. ಕೆಲವು ದಿನದ ನಂತರ ಬಾಂಬಿ ಕೀನೋದಲ್ಲಿ ಬೆಂಕಿ ಹಚ್ಚಿದರೆಂದು ಪಾಲ್ ಮತ್ತು ಪೀಟ್‌ನನ್ನೂ ಓಡಿಸಿದರು.

ಕೊರತೆ ಏನು? ಎಲ್ಲಕ್ಕಿಂತ ಹೆಸರಾದ ಸ್ಟಾರ್ ಕ್ಲಬ್ ಇಲ್ಲ. 1962ರ ಏಪ್ರಿಲ್ 13ರಂದು ಅದರ ಮೊದಲ ರಾತ್ರಿ ಹಾಡಿದ್ದೂ ಬೀಟಲ್ಸೇ, ಆ ವರ್ಷದ ಡಿಸೆಂಬರ್ 31ರಂದು ಕೊನೆಯ ಸಲ ಹಾಡಿದ್ದೂ ಅಲ್ಲೇ. 1980ರ ದಶಕದಲ್ಲಿ ಬೆಂಕಿ ಬಿದ್ದು, ನಂತರ ಕೆಡವಿದರು. ಈಗ ಅಂಗಳದಲ್ಲಿ ಒಂದು ಕಪ್ಪು ಕಲ್ಲು, ಅದರ ಮೇಲೆ ಅಲ್ಲಿ ಹಾಡಿದವರ ಹೆಸರು. ರೀಪರ್‌ಬಾನ್‌ನ ಟಾಪ್ ಟೆನ್ ಕ್ಲಬ್ಬೂ ಉಳಿದಿಲ್ಲ. 2009ರಲ್ಲಿ ತೆರೆದ ಬೀಟಲ್ಸ್ ಮ್ಯೂಸಿಯಂ 2012ರಲ್ಲೇ ಮುಚ್ಚಿತು. ಹಾಗಾಗಿ ಇಲ್ಲಿ ಕಥೆ ಹೇಳುವವರು ಜೊತೆಗಿಲ್ಲದಿದ್ದರೆ ಬರೀ ಬಾಗಿಲು, ಗೋಡೆ ನೋಡಿದಂತಾಗುತ್ತದೆ. ಯುಕುಲೆಲೆ ಹಿಡಿದು ಹಾಡುತ್ತಾ ಕರೆದೊಯ್ಯುವ ಒಂದು ನಡಿಗೆ ಪ್ರವಾಸ ಇದೆ. ಅದಕ್ಕೆ ದುಡ್ಡು ಕೊಡುವುದು ಸಾರ್ಥಕ.

ಇನ್ನೊಂದು ವಿಷಯ ಮುಚ್ಚುಮರೆ ಇಲ್ಲದೆ ಹೇಳಬೇಕು. ಇದು ವೇಶ್ಯಾವಾಟಿಕೆಯ ಬಡಾವಣೆ. ಆಗಲೂ ಹೌದು, ಈಗಲೂ ಹೌದು. ರಾತ್ರಿ ಬೀದಿಯ ತುಂಬ ದೀಪ, ಗದ್ದಲ, ಕುಡಿತ. ಹತ್ತಿರದ ಹರ್ಬರ್ಟ್ ಸ್ಟ್ರಾಸ ಎಂಬ ಬೀದಿಗೆ ಎರಡೂ ಕಡೆ ತಡೆಗೋಡೆ ಇದೆ. 18 ತುಂಬದವರು, ಹೆಂಗಸರು ಬರಬಾರದೆಂದು ಬೋರ್ಡ್ ಹಾಕಿದ್ದಾರೆ. ಮಕ್ಕಳು, ಹಿರಿಯರ ಜೊತೆ ಹೋಗುವುದಾದರೆ ಬೆಳಗ್ಗೆ ಹತ್ತು, ಹನ್ನೊಂದಕ್ಕೆ ಹೋಗಿ. ಆಗ ಬೀದಿ ಖಾಲಿ, ಅಂಗಡಿಯವರು ನೆಲ ತೊಳೆಯುತ್ತಿರುತ್ತಾರೆ. ಕ್ಲಬ್ಬುಗಳ ಒಳಗೆ ಹೋಗಲು ಮಾತ್ರ ರಾತ್ರಿಯೇ ಬೇಕು. ಊಟಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಶಾಂಟ್ಸನ್‌ಫಿಯರ್ಟೆಲ್ ಇದೆ, ಫಲಾಫೆಲ್ ಮುಂತಾಗಿ ಸಸ್ಯಾಹಾರ ಧಾರಾಳವಾಗಿ ಸಿಗುತ್ತದೆ.

ಲಂಡನ್: ಅರ್ಧ ದಿನದ ಮಾತು

ಲಂಡನ್ನನ್ನು ಆರಂಭದ ತಾಣ ಎನ್ನುವುದು ಪೂರ್ತಿ ಸರಿಯಲ್ಲ. ಆದರೆ ಎರಡು ಜಾಗ ಲೆಕ್ಕಕ್ಕೆ ಬರುತ್ತವೆ. ಆ್ಯಬಿ ರೋಡ್ ಸ್ಟುಡಿಯೋಗೆ ಅವರು ಮೊದಲು ಬಂದದ್ದು 1962ರ ಜೂನ್ 6ರಂದು. ಮೊದಲ ಆಲ್ಬಮ್ಮಿನ ಹತ್ತು ಹಾಡುಗಳನ್ನು 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಧ್ವನಿಮುದ್ರಣ ಮಾಡಿದ್ದೂ ಇಲ್ಲೇ. ಹ್ಯಾಂಬರ್ಗ್‌ನಲ್ಲಿ ಗಂಟೆಗಟ್ಟಲೆ ಹಾಡಿ ಪಳಗಿದ್ದರಿಂದಲೇ ಅದು ಸಾಧ್ಯವಾಯಿತು. ಸ್ಟುಡಿಯೋ ಒಳಗೆ ಬಿಡುವುದಿಲ್ಲ. ಪಕ್ಕದಲ್ಲಿ ಅಂಗಡಿ ಇದೆ, ಮುಂದೆ ‘ಆ್ಯಬಿ ರೋಡ್’ ಆಲ್ಬಮ್ಮಿನ ಮುಖಪುಟದಲ್ಲಿ ನಾಲ್ವರೂ ದಾಟುತ್ತಿರುವ ಆ ಜೀಬ್ರಾ ಪಟ್ಟೆ. ಅದು ನಿಜವಾದ, ವಾಹನ ಓಡಾಡುವ ರಸ್ತೆ. ಬೆಳಗ್ಗೆ ಬೇಗ ಹೋದರೆ ಫೋಟೋಗೂ ಒಳ್ಳೆಯದು, ಜೀವಕ್ಕೂ ಒಳ್ಳೆಯದು. ಇಳಿಯಬೇಕಾದದ್ದು ಜುಬಿಲಿ ಲೈನಿನ ಸೇಂಟ್ ಜಾನ್ಸ್ ವುಡ್ ಸ್ಟೇಷನ್ನಿನಲ್ಲಿ. ‘ಆ್ಯಬಿ ರೋಡ್’ ಎಂಬ ಹೆಸರಿನ ಇನ್ನೊಂದು ಸ್ಟೇಷನ್ ಊರಿನ ಪೂರ್ವ ಮೂಲೆಯಲ್ಲಿದೆ. ಹೆಸರು ನೋಡಿ ಅಲ್ಲಿಗೆ ಹೋಗಿ ಪರದಾಡಿದವರು ಬಹಳ.

ಇನ್ನೂ ಸ್ವಲ್ಪ ಹೊತ್ತಿದ್ದರೆ ಅದೇ ಲೈನಿನಲ್ಲಿ ಮೂರು ಸ್ಟೇಷನ್ ಮುಂದೆ ಹೋಗಿ ವೆಸ್ಟ್ ಹ್ಯಾಂಪ್‌ಸ್ಟೆಡ್‌ನಲ್ಲಿ ಇಳಿಯಿರಿ. ಬ್ರಾಡ್‌ಹರ್ಸ್ಟ್ ಗಾರ್ಡನ್ಸ್‌ನಲ್ಲಿ ಡೆಕ್ಕಾ ಎಂಬ ರೆಕಾರ್ಡ್ ಕಂಪನಿಯ ಹಳೆಯ ಸ್ಟುಡಿಯೋ ಕಟ್ಟಡ ಇದೆ. 1962ರ ಹೊಸ ವರ್ಷದ ದಿನ, ಹಿಮ ಸುರಿಯುವ ದಾರಿಯಲ್ಲಿ ಲಿವರ್‌ಪೂಲ್‌ನಿಂದ ಬಂದಿದ್ದ ಹುಡುಗರು 15 ಹಾಡು ಹಾಡಿದರು. ಕಂಪನಿ ಬೇಡ ಎಂದಿತು. ಅಲ್ಲಿ ನೋಡಲು ಹೆಚ್ಚೇನಿಲ್ಲ, ಯಾರೂ ಬರುವುದೂ ಇಲ್ಲ. ಆದರೂ ನನಗೆ ಜೀಬ್ರಾ ಪಟ್ಟೆಗಿಂತ ಆ ಬಾಗಿಲ ಮುಂದೆ ನಿಲ್ಲುವುದೇ ಇಷ್ಟ.

ವೀಸಾನೇ ಬೇಡ ಅನ್ನುವವರಿಗೆ

ಈ ವರ್ಷ ಹೊರದೇಶ ಆಗಲ್ಲ ಅನ್ನುವವರು ಹೃಷಿಕೇಶಕ್ಕೆ ಹೋಗಬಹುದು. ಇದು ಶುರುವಿನ ಜಾಗ ಅಲ್ಲ. 1968ರ ಫೆಬ್ರವರಿಯಲ್ಲಿ, ಹೆಸರು, ದುಡ್ಡು ಎಲ್ಲ ಬಂದ ಮೇಲೆ, ಅವರು ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದಿದ್ದರು. ಆ ವರ್ಷದ ಆಲ್ಬಮ್ಮಿನ ಬಹಳಷ್ಟು ಹಾಡು ಇಲ್ಲೇ ಹುಟ್ಟಿದವು. ಗಂಗೆಯ ಆಚೆ ದಡದಲ್ಲಿ, ರಾಜಾಜಿ ಅಭಯಾರಣ್ಯದೊಳಗೆ ಪಾಳುಬಿದ್ದ ಆಶ್ರಮವಿದೆ. 2015ರ ಕೊನೆಯಿಂದ ಅರಣ್ಯ ಇಲಾಖೆ ಟಿಕೆಟ್ ಇಟ್ಟು ಬಿಡುತ್ತಿದೆ. ಕಲ್ಲಿನ ಗುಮ್ಮಟದಂಥ ಗುಡಿಸಲು, ಬಳ್ಳಿ ಹಬ್ಬಿದ ಗೋಡೆ, ಹಾಲ್‌ನಲ್ಲಿ ಈಚೆಗೆ ಬಿಡಿಸಿದ ದೊಡ್ಡ ಚಿತ್ರಗಳು. ಯುರೋಪಿಗೆ ಹೋಲಿಸಿದರೆ ಖರ್ಚು ಸಣ್ಣದು, ತಂದೆ, ತಾಯಿಗೆ ಗಂಗಾ ಆರತಿಯೂ ಆಗುತ್ತದೆ. ಹುಡುಗರಾಗಿದ್ದ ಬೀಟಲ್ಸ್ ಇಲ್ಲಿ ಸಿಗುವುದಿಲ್ಲ, ಅಷ್ಟು ತಿಳಿದು ಹೋಗಿ.

ಯಾರಿಗೆ ಯಾವುದು

ಒಂದೇ ಸಲ ಹೋಗುವ ಅವಕಾಶ, ಬ್ರಿಟನ್ ವೀಸಾ ಕೈಯಲ್ಲಿದೆ ಎಂದರೆ ಯೋಚನೆ ಬೇಡ, ಲಿವರ್‌ಪೂಲ್. ಎರಡು ರಾತ್ರಿ ಇರಿ. ಒಂದು ದಿನ ಎರಡು ಮನೆ, ಚರ್ಚು, ಸ್ಟ್ರಾಬೆರಿ ಫೀಲ್ಡ್. ಇನ್ನೊಂದು ದಿನ ಬೆಳಗ್ಗೆ ಕಾಸ್ಬಾ, ಮಧ್ಯಾಹ್ನ ಕ್ಯಾವರ್ನ್, ಸಂಜೆ ಜಕರಾಂಡ. ಒಂದೇ ದಿನ ಇದ್ದರೆ ಮನೆಗಳು ಮತ್ತು ಕ್ಯಾವರ್ನ್, ಉಳಿದದ್ದು ಬಿಡಿ. ಮನೆಯ ಟಿಕೆಟ್ ಸಿಗದಿದ್ದರೆ ಬಣ್ಣದ ಬಸ್ಸು ಹತ್ತಿ.

ನೀವೇ ಗಿಟಾರ್, ಡ್ರಮ್ ಬಾರಿಸುವವರಾಗಿದ್ದು, ವೇದಿಕೆ ಹತ್ತುವವರಾಗಿದ್ದರೆ ನನ್ನ ಮತ ಹ್ಯಾಂಬರ್ಗ್‌ಗೆ. ಒಂದು ಬ್ಯಾಂಡ್ ಹೇಗೆ ತಯಾರಾಗುತ್ತದೆ ಎಂಬುದು ಅಲ್ಲಿ ತಿಳಿಯುವಷ್ಟು ಲಿವರ್‌ಪೂಲ್‌ನಲ್ಲಿ ತಿಳಿಯುವುದಿಲ್ಲ. ಕೆಲಸಕ್ಕೆಂದು ಜರ್ಮನಿಗೆ ಹೋದವರಿಗೂ ಇದೇ ಸರಿ, ವೀಸಾ ಹೇಗೂ ಇರುತ್ತದೆ. ಫ್ರಾಂಕ್‌ಫರ್ಟ್‌ನಿಂದ ವೇಗದ ರೈಲಿನಲ್ಲಿ ನಾಲ್ಕು ಗಂಟೆಯ ಆಸುಪಾಸು. ಒಂದು ರಾತ್ರಿ ಉಳಿದರೆ ಸಾಕು. ಆದರೆ ಇದೊಂದಕ್ಕಾಗಿಯೇ ಹೊಸದಾಗಿ ಷೆಂಗೆನ್ ವೀಸಾ ಮಾಡಿಸಿ ಹೋಗಿ ಎಂದು ಸಾಧಾರಣ ಅಭಿಮಾನಿಗೆ ನಾನು ಹೇಳುವುದಿಲ್ಲ.

ಚಿಕ್ಕ ಮಕ್ಕಳು, ಹಿರಿಯರು ಜೊತೆಗಿದ್ದರೆ ಲಿವರ್‌ಪೂಲ್‌ನ ಬಸ್ಸು ಪ್ರವಾಸದ ಜೊತೆ ಆಲ್ಬರ್ಟ್ ಡಾಕ್‌ನ ‘ಬೀಟಲ್ಸ್ ಸ್ಟೋರಿ’ ಮ್ಯೂಸಿಯಂ ಸೇರಿಸಿಕೊಳ್ಳಿ. ಅಲ್ಲಿ ಹೆಚ್ಚಿನದು ಅನುಕರಣೆಯ ಸೆಟ್ಟುಗಳು. ಕಟ್ಟಾ ಅಭಿಮಾನಿಗೆ ಅದು ಬೇಕಿಲ್ಲ. ಏನೂ ಗೊತ್ತಿಲ್ಲದವರಿಗೆ ಇಡೀ ಕಥೆ ಕ್ರಮವಾಗಿ ತಿಳಿಯುತ್ತದೆ, ಮಳೆ ಬಂದರೂ ಚಿಂತೆಯಿಲ್ಲ. ಲಂಡನ್ ಪ್ಯಾಕೇಜಿನಲ್ಲಿ ಸಿಕ್ಕಿಕೊಂಡವರು ಆ್ಯಬಿ ರೋಡ್ ನೋಡಿ ತೃಪ್ತಿಪಡಬಹುದು. ಪೂರ್ತಿ ಒಂದು ದಿನ ಬಿಡುವಿದ್ದರೆ ಬೆಳಗಿನ ರೈಲು ಹತ್ತಿ ಲಿವರ್‌ಪೂಲ್‌ಗೆ ಹೋಗಿ ರಾತ್ರಿಗೆ ವಾಪಸ್ ಬರಲು ಆಗುತ್ತದೆ. ದಣಿವಾಗುತ್ತದೆ, ಆದರೂ ಮಾಡಿ.

ಲಿವರ್‌ಪೂಲ್ ಎಂದು ತೀರ್ಮಾನಿಸಿದವರು ಮೊದಲು ಎರಡು ಮನೆಗಳ ಟಿಕೆಟ್ ಯಾವ ದಿನಕ್ಕೆ ಸಿಗುತ್ತದೆ ನೋಡಿ. ಅದು ಸಿಕ್ಕ ಮೇಲೆ ಕಾಸ್ಬಾ, ಆಮೇಲೆ ರೈಲು, ಕೊನೆಗೆ ರೂಮು. ನಾನು ಮೊದಲನೇ ಸಲ ರೂಮಿನಿಂದ ಶುರು ಮಾಡಿದ್ದೆ, ಅಲ್ಲೇ ಎಡವಿದ್ದು.